ಫ್ಲೈಟ್ ಮೋಡ್‌ನಲ್ಲಿ ಒಂದೂವರೆ ತಾಸು

ಶ್ರಾವಣದ ಎರಡನೇ ಸೋಮವಾರ. ನಮ್ಮೂರ ಬಸವಣ್ಣನ ಗುಡಿಯಲ್ಲಿ ಭಜನೆ ನಡೆದಿತ್ತು. ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ. ಒಂದು ಮೂಲೆಯಲ್ಲಿ ನಾನು, ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್. ಗಿಟಾರಿನ ವಯರ್ ನನ್ನ ಮೊಬೈಲಿಗೆ, ಮೊಬೈಲಿನ ವಯರ್ ಗುಡಿಯ ಆಂಪ್ಲಿಫೈಯರಿಗೆ. ಶರೀಫರ ಪದ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಗುಡಿಯ ಎರಡೂ ಸ್ಪೀಕರ್‌ಗಳಿಂದ ಪೊಲೀಸ್ ಜೀಪಿನ ಸೈರನ್ ಕೂಗಿತು.

ಕಟ್ಟೆಯ ಮೇಲೆ ಕೂತಿದ್ದ ಹುಡುಗರು ದಡಕ್ಕನೆ ಎದ್ದು ನಿಂತರು. ಒಬ್ಬನಂತೂ ಓಡಿಯೇಬಿಟ್ಟ. ಯಾಕೆ ಓಡಿದ ಅನ್ನುವುದು ಅವನಿಗೇ ಗೊತ್ತು.

ಅದು ನನ್ನ ರಿಂಗ್‌ಟೋನ್. ಪತ್ರಿಕೆಯ ಡೆಸ್ಕಿನಿಂದ ಕರೆ ಬಂದರೆ ತಪ್ಪಬಾರದೆಂದು ಅವರ ನಂಬರಿಗೆ ಸೈರನ್ ಇಟ್ಟಿದ್ದೆ. ಪಿನ್ ಕಿತ್ತು ಹೊರಗೆ ಓಡಿ ಫೋನ್ ಎತ್ತಿದೆ. "ಕೆರೆ ಫೋಟೊ ನಿಂತದ್ದು ಕಳಿಸೀರಿ, ಅಡ್ಡದ್ದು ಕಳಿಸ್ರಿ" ಅಂದರು. ಅಷ್ಟೇ. ಒಳಗೆ ಬಂದರೆ ಎಲ್ಲರೂ ನಗುತ್ತಿದ್ದರು. ಹಾರ್ಮೋನಿಯಂ ಬಾರಿಸುವ ಅಜ್ಜ ಮಾತ್ರ ಕನ್ನಡಕದ ಮೇಲಿಂದ ನೋಡಿ, "ತಮ್ಮಾ, ಅದನ್ನ ಬಂದ್ ಮಾಡಿ ಕೂಡು" ಅಂದರು.

ಬಂದ್ ಮಾಡಿ ಕೂತರೆ ಏನಾಗುತ್ತದೆ ಅನ್ನುವುದು ಮುಂದಿನ ಸೋಮವಾರ ಗೊತ್ತಾಯಿತು. ಅದನ್ನು ಹೇಳುವ ಮೊದಲು ಈ ಮೊಬೈಲು ಮತ್ತು ಗಿಟಾರಿನ ಸಂಬಂಧ ಹೇಳಬೇಕು.

ಗಿಟಾರ್ ತಗೊಂಡಿದ್ದು ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ. ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್, 4,500 ರೂಪಾಯಿ. ಆಗ ರಘು ದೀಕ್ಷಿತ್ ಗಿಟಾರ್ ಹಿಡಿದು ಶರೀಫರ ಪದ ಹಾಡುತ್ತಿದ್ದರು. ಶಿಶುನಾಳ ನಮ್ಮ ಹಾವೇರಿ ಜಿಲ್ಲೆಯದ್ದೇ, ಶಿಗ್ಗಾಂವಿ ತಾಲ್ಲೂಕು. ಹುಟ್ಟಿದಾಗಿನಿಂದ ಗುಡಿಯಲ್ಲಿ ಕೇಳಿದ ಪದ ಗಿಟಾರಿನಲ್ಲೂ ಕೂಡುತ್ತದೆ ಅಂತ ತಿಳಿದಾಗ ನನಗೆ ನಿದ್ದೆ ಬರಲಿಲ್ಲ. ಗಿಟಾರಿನ ಜೊತೆಗೆ 15 ವಾಟಿನ ಒಂದು ಆಂಪ್ಲಿಫೈಯರ್ ಕೂಡ ತಂದಿದ್ದೆ. ಎಲೆಕ್ಟ್ರಿಕ್ ಗಿಟಾರಿಗೆ ಅದು ಬೇಕೇ ಬೇಕು. ಅದಿಲ್ಲದಿದ್ದರೆ ಗಿಟಾರ್ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ.

ಊರಿಗೆ ಬಂದು ವರದಿಗಾರನಾದೆ. ವರದಿಗಾರ ಅಂದರೆ ಸಂಬಳದವನಲ್ಲ, ಸ್ಟ್ರಿಂಗರ್. ಅಚ್ಚಾದಷ್ಟಕ್ಕೆ ದುಡ್ಡು. ಸೀಜನ್‌ನಲ್ಲಿ ಸೋಮವಾರ, ಗುರುವಾರ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ರೇಟು, ಉಳಿದ ದಿನ ಗ್ರಾಮಸಭೆ, ಅಪಘಾತ, ಜಾತ್ರೆ. ಮೊದಲು ಫ್ಯಾಕ್ಸ್ ಅಂಗಡಿ, ಆಮೇಲೆ ಇಂಟರ್ನೆಟ್ ಸೆಂಟರ್, ಆಮೇಲೆ ಎಲ್ಲವೂ ವಾಟ್ಸ್‌ಆ್ಯಪ್. ಸ್ಮಾರ್ಟ್‌ಫೋನ್ ಇಲ್ಲದಿದ್ದರೆ ಕೆಲಸ ಇಲ್ಲ ಅನ್ನುವ ದಿನ ಬಂತು. ಕೈಯಲ್ಲಿ ದುಡ್ಡಿರಲಿಲ್ಲ. ಆಂಪ್ಲಿಫೈಯರ್ ಮಾರಿದೆ, ಮೂರು ಸಾವಿರ ಬಂತು. ಅವ್ವ ಸಂಘದಲ್ಲಿ ಸಾಲ ತೆಗೆದು ಉಳಿದಿದ್ದು ಕೊಟ್ಟಳು. ಫೋನ್ ಬಂತು. ಗಿಟಾರ್ ಅಟ್ಟ ಸೇರಿತು.

ನಾಲ್ಕು ವರ್ಷ ಅಟ್ಟದಲ್ಲೇ ಇತ್ತು. ಒಂದು ದಿನ ಡಿಪ್ಲೊಮಾ ಗೆಳೆಯನೊಬ್ಬ ಹೇಳಿದ, "ನೀ ಆಂಪ್ಲಿಫೈಯರ್ ಮಾರಿಲ್ಲೋ ಮಾರಾಯಾ, ಕಿಸೆದಾಗ ಇಟ್ಕೊಂಡು ಅಡ್ಡ್ಯಾಡಾಕತ್ತೀ."

ಅವನು ಹೇಳಿದ್ದು ನಿಜ. ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಅಂತ ಇರುತ್ತದೆ. ಆಯಸ್ಕಾಂತದ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಅಲುಗಿದರೆ ಅದರಲ್ಲಿ ಬಹಳ ಸಣ್ಣ ಕರೆಂಟ್ ಹುಟ್ಟುತ್ತದೆ. ಆಂಪ್ಲಿಫೈಯರ್ ಮಾಡುವ ಕೆಲಸ ಅದನ್ನು ದೊಡ್ಡದು ಮಾಡುವುದು, ಅದಕ್ಕೊಂದು ಬಣ್ಣ ಕೊಡುವುದು. ದೊಡ್ಡದು ಮಾಡುವುದಕ್ಕೆ ಗುಡಿಯ ಸ್ಪೀಕರ್ ಸೆಟ್ ಇದೆ. ಬಣ್ಣ ಕೊಡುವ ಕೆಲಸ ಮೊಬೈಲಿನ ಆ್ಯಪ್ ಮಾಡುತ್ತದೆ. 2010ರಲ್ಲೇ ಇಟಲಿಯ ಐಕೆ ಮಲ್ಟಿಮೀಡಿಯಾ ಕಂಪನಿ ಐರಿಗ್ ಅನ್ನುವ ಪುಟ್ಟ ಅಡಾಪ್ಟರ್ ಮತ್ತು ಆಂಪ್ಲಿಟ್ಯೂಬ್ ಆ್ಯಪನ್ನು ಐಫೋನಿಗಾಗಿ ತಂದಿತ್ತು. ನಮ್ಮಂಥವರ ಕೈಗೆ ಅದು ಬರುವ ಹೊತ್ತಿಗೆ ವರ್ಷಗಳೇ ಕಳೆದವು. ಈಗ ಅಂಥದ್ದೇ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಮೊಬೈಲಿನ ಇಯರ್‌ಫೋನ್ ಪಿನ್ ನೋಡಿ. ಮಾತಾಡುವ ಮೈಕ್ ಇರುವ ಇಯರ್‌ಫೋನ್ ಆದರೆ ಪಿನ್ನಿನ ಮೇಲೆ ಮೂರು ಕಪ್ಪು ಗೆರೆ ಇರುತ್ತವೆ, ಅಂದರೆ ನಾಲ್ಕು ಭಾಗ. ಎಡಗಿವಿ, ಬಲಗಿವಿ, ಅರ್ಥ್, ಮೈಕ್. ಅಡಾಪ್ಟರ್ ನಮ್ಮ ಗಿಟಾರನ್ನು ಮೈಕಿನ ದಾರಿಯಲ್ಲಿ ಒಳಗೆ ಕಳಿಸುತ್ತದೆ, ಆ್ಯಪಿನಲ್ಲಿ ಹಾದ ನಾದವನ್ನು ಕಿವಿಯ ದಾರಿಯಲ್ಲಿ ಹೊರಗೆ ತರುತ್ತದೆ. ಹಾಗಂತ ಅಡಾಪ್ಟರ್ ಇಲ್ಲದೆ ವಯರ್ ಕೂಡಿಸಲು ಹೋಗಬೇಡಿ. ಪಿಕಪ್ಪಿಗೂ ಮೈಕಿನ ದಾರಿಗೂ ನೇರ ಹೊಂದಾಣಿಕೆ ಆಗುವುದಿಲ್ಲ, ನಾದ ಮಂಕಾಗುತ್ತದೆ.

ಮೊದಲ ರಾತ್ರಿ ಇಯರ್‌ಫೋನ್ ಹಾಕಿಕೊಂಡು ಮನೆಯ ಹಿತ್ತಲಲ್ಲಿ ಬಾರಿಸಿದೆ. ಆ್ಯಪಿನಲ್ಲಿ ಡಿಸ್ಟಾರ್ಷನ್, ಕೋರಸ್, ಡಿಲೇ, ರಿವರ್ಬ್ ಅಂತ ಸಾಲಾಗಿ ಪೆಡಲ್‌ಗಳ ಚಿತ್ರ. ಒಂದೊಂದನ್ನೂ ಅಂಗಡಿಯಲ್ಲಿ ತಗೊಂಡರೆ ಸಾವಿರಗಟ್ಟಲೆ. ಇಲ್ಲಿ ಬೆರಳಿನಿಂದ ಮುಟ್ಟಿದರೆ ಸಾಕು. ಎಮ್ಮೆ ಪಕ್ಕದಲ್ಲೇ ಮೆಲುಕು ಹಾಕುತ್ತಿತ್ತು. ನನ್ನ ಕಿವಿಯೊಳಗೆ ದೊಡ್ಡ ಮೈದಾನದ ಗಾಯನ ನಡೆದಿತ್ತು. ಅವ್ವ ಹೊರಗೆ ಬಂದು ನೋಡಿ, "ಸಪ್ಪಳಾನ ಇಲ್ಲ, ಒಬ್ಬನ ತಲೀ ಯಾಕ ಅಲ್ಲಾಡಸಾಕತ್ತೀ?" ಅಂದಳು.

ಆದರೆ ತೊಂದರೆಗಳೂ ಇದ್ದವು. ಮೊದಲನೆಯದು ತಡ. ತಂತಿ ಮೀಟಿದ ಮೇಲೆ ನಾದ ಕಿವಿಗೆ ಬರುವ ಹೊತ್ತಿಗೆ ಚೂರು ಹೊತ್ತು ಕಳೆಯುತ್ತದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹಾಗಾಗಿ ಸೆಕೆಂಡಿನ ನೂರನೇ ಒಂದು ಭಾಗ ತಡವಾದರೆ ಸ್ಪೀಕರಿನಿಂದ ಹತ್ತು ಹನ್ನೊಂದು ಅಡಿ ದೂರ ಕೂತ ಹಾಗೆ, ಅಡ್ಡಿಯಿಲ್ಲ. ಹತ್ತನೇ ಒಂದು ಭಾಗ ತಡವಾದರೆ ಗುಡಿಯ ಹೊರಗೆ, ರಸ್ತೆಯ ಆಚೆ ಕೂತು ಬಾರಿಸಿದ ಹಾಗೆ. ತಾಳಕ್ಕೆ ಕೂಡುವುದೇ ಇಲ್ಲ. ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಇದು ಬಹಳ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಈಚೆಗೆ ಸುಧಾರಿಸಿದೆ. ಬ್ಲೂಟೂತ್ ಸ್ಪೀಕರ್ ಮಾತ್ರ ಈ ಕೆಲಸಕ್ಕೆ ಬೇಡ, ಅದು ತನ್ನದೂ ಒಂದಿಷ್ಟು ತಡ ಸೇರಿಸುತ್ತದೆ. ವಯರೇ ಬೇಕು.

ಎರಡನೆಯದು ಗೂಳಿಯ ಹಾಗೆ ಕೂಗುವುದು. ಅಗ್ಗದ ಅಡಾಪ್ಟರಿನಲ್ಲಿ ಒಳಗೆ ಹೋಗುವ ದಾರಿ, ಹೊರಗೆ ಬರುವ ದಾರಿ ಒಂದೇ ಪಿನ್ನಿನಲ್ಲಿ ಇರುವುದರಿಂದ ಜೋರು ಮಾಡಿದಾಗ ಹೊರಗಿನದು ಒಳಗೆ ಸೋರಿ ಕೂಗುತ್ತದೆ. ಮೊಬೈಲಿನ ವಾಲ್ಯೂಮ್ ಕಡಿಮೆ ಇಟ್ಟು ಗುಡಿಯ ಆಂಪ್ಲಿಫೈಯರಿನಲ್ಲಿ ಜೋರು ಮಾಡಿದರೆ ಸರಿಹೋಗುತ್ತದೆ. ಮೂರನೆಯದು ಚಾರ್ಜರ್. ಚಾರ್ಜಿಗೆ ಹಾಕಿಕೊಂಡು ಬಾರಿಸಿದರೆ ಗುಂಯ್ ಅನ್ನುವ ಸಪ್ಪಳ ಸೇರಬಹುದು. ಮೊದಲೇ ಚಾರ್ಜ್ ಮಾಡಿಕೊಂಡು ಹೋಗಬೇಕು.

ಗುಡಿಗೆ ಕರೆದದ್ದು ಭಜನೆಯ ಹುಡುಗರು. ಹಾರ್ಮೋನಿಯಂ ಅಜ್ಜನಿಗೆ ಮನಸ್ಸಿರಲಿಲ್ಲ. ಮೊದಲ ದಿನ ನಾನು ಜಂಬದಿಂದ ಡಿಸ್ಟಾರ್ಷನ್ ಹಾಕಿ ಬಾರಿಸಿದೆ. ಅಜ್ಜ ಬೆಲ್ಲೋಸ್ ನಿಲ್ಲಿಸಿ, "ಮಿಕ್ಸರ್‌ನಾಗ ಒಣಾ ಮೆಣಸಿನಕಾಯಿ ಹಾಕಿದಂಗ ಆಕ್ಕೈತಿ" ಅಂದರು. ಎಲ್ಲ ಪೆಡಲ್ ತೆಗೆದೆ, ಬರೀ ಒಂದಿಷ್ಟು ರಿವರ್ಬ್ ಇಟ್ಟೆ. ಆ್ಯಪಿನಲ್ಲಿ ಕ್ಯಾಬಿನೆಟ್ ಅಂತ ಇರುವುದನ್ನು ಚಾಲೂ ಇಟ್ಟೆ. ಗಿಟಾರಿನ ನಿಜವಾದ ಸ್ಪೀಕರ್ ಪೆಟ್ಟಿಗೆ ಚೂಪು ನಾದವನ್ನು ತಡೆಯುತ್ತದೆ, ಅದೇ ಕೆಲಸವನ್ನು ಕ್ಯಾಬಿನೆಟ್ ಮಾಡುತ್ತದೆ. ಅಜ್ಜ ಹಾಡುವುದು ಕರಿ ಒಂದರಲ್ಲಿ, ಅಂದರೆ ಗಿಟಾರಿನವರ ಸಿ ಶಾರ್ಪ್. ಮೊದಲ ಮನೆಗೆ ಕ್ಯಾಪೊ ಕಚ್ಚಿಸಿದೆ. ಪದ ಶುರುವಾಯಿತು. ಹಾರ್ಮೋನಿಯಂ ಬಿಟ್ಟ ಸಂದಿಯಲ್ಲಿ ಮಾತ್ರ ನಾನು ನಾಲ್ಕು ತಂತಿ ಮೀಟಿದೆ. ಅಜ್ಜ ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ಒಪ್ಪಿದರು ಅಂತ ಅರ್ಥ.

ಮತ್ತೆ ಸೈರನ್ ಕೂಗಿದ ವಾರಕ್ಕೆ ಬರುತ್ತೇನೆ.

ಮೂರನೇ ಸೋಮವಾರ ನಾನು ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ಕೂತೆ. ಹೊರಗೆ ಮಘೆ ಮಳೆ. ಒಂದೂವರೆ ತಾಸು ಯಾರ ಕಾಟವೂ ಇಲ್ಲ. ಡೆಸ್ಕಿನ ಕಾಟವಿಲ್ಲ, ಗ್ರೂಪುಗಳ ಟಣ್‌ಟಣ್ ಇಲ್ಲ. ಹತ್ತು ವರ್ಷದಲ್ಲಿ ಅಷ್ಟು ಹೊತ್ತು ನನ್ನ ಫೋನ್ ನನ್ನದಾಗಿರಲೇ ಇಲ್ಲ ಅನ್ನಿಸಿತು. ಮಂಗಳಾರತಿ ಆಯಿತು. ಪ್ರಸಾದ ತಿಂದು ನೆಟ್‌ವರ್ಕ್ ಚಾಲೂ ಮಾಡಿದೆ. ಮಿಸ್ಡ್ ಕಾಲ್ ಮೆಸೇಜುಗಳು ಒಂದರ ಹಿಂದೊಂದು ಬಂದವು. ಒಂದೇ ನಂಬರಿನಿಂದ ಏಳು ಸಲ.

ನಾಲ್ಕು ಕಿಲೋಮೀಟರ್ ಆಚೆಯ ಊರು. ಮಳೆಗೆ ನೆನೆದ ಮಣ್ಣಿನ ಗೋಡೆ ಬಿದ್ದು, ಮಲಗಿದ್ದ ಮುದುಕಿಯ ಕಾಲಿನ ಮೇಲೆ ಕುಸಿದಿತ್ತು. ಹಳ್ಳ ತುಂಬಿ ಹರಿದು ಊರಿನ ರಸ್ತೆ ಕಟ್ಟಿಹೋಗಿತ್ತು. ನಮ್ಮ ಹಳ್ಳಿಗಳಲ್ಲಿ ಇಂಥ ಹೊತ್ತಿನಲ್ಲಿ ಪೇಪರಿನವನಿಗೆ ಫೋನ್ ಹಚ್ಚುತ್ತಾರೆ. ಸುದ್ದಿ ಬರಲಿ ಅಂತಲ್ಲ. ಅವನ ಬಳಿ ಎಲ್ಲರ ನಂಬರ್ ಇರುತ್ತದೆ, ಯಾವ ದಾರಿ ಚಾಲೂ ಇದೆ ಅಂತ ಗೊತ್ತಿರುತ್ತದೆ ಅಂತ.

ನಾನು ಬೈಕ್ ತಗೊಂಡು ಸುತ್ತು ದಾರಿಯಿಂದ ಹೋಗುವಷ್ಟರಲ್ಲಿ ಮನೆಯವರೇ ಟ್ರ್ಯಾಕ್ಟರಿನಲ್ಲಿ ಹಾಸಿಗೆ ಹಾಸಿ, ಹೊಲದ ದಾರಿಯಲ್ಲಿ ಮುದುಕಿಯನ್ನು ದವಾಖಾನೆಗೆ ಒಯ್ದಿದ್ದರು. ಜೀವ ಉಳಿಯಿತು, ಕಾಲು ಮುರಿದಿತ್ತು. ಮಗ ಮನೆಯ ಮುಂದೆ ಬ್ಯಾಟರಿ ಹಿಡಿದು ನಿಂತಿದ್ದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. "ನಿಮಗ ಹಚ್ಚಿದ್ವಿರಿ ಅಣ್ಣಾರ. ಸ್ವಿಚ್ ಆಫ್ ಅಂತ ಬಂತ್ರಿ" ಅಂದ.

ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ನಾನು ಎಲ್ಲಿದ್ದೆ ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಗೋಡೆಯ ಫೋಟೊ ತೆಗೆದೆ, ಈ ಸಲ ಅಡ್ಡದ್ದು. ಮರುದಿನ ಒಳಪುಟದಲ್ಲಿ ನಾಲ್ಕು ಸಾಲು ಬಂತು.

ಕರೆ ಸಿಕ್ಕಿದ್ದರೆ ಕಾಲು ಉಳಿಯುತ್ತಿತ್ತೇ? ಇಲ್ಲ, ಗೋಡೆ ಬಿದ್ದಾಗಲೇ ಮುರಿದಿತ್ತು ಅಂತ ಡಾಕ್ಟರರೇ ಹೇಳಿದರು. ಆದರೂ ಅವರು ದಾರಿ ಹುಡುಕಿದ ಆ ಹೊತ್ತು, ಆ ಮುದುಕಿ ಮಣ್ಣಿನಲ್ಲಿ ನರಳಿದ ಹೊತ್ತು, ನಾನು ಕಣ್ಣು ಮುಚ್ಚಿ ರಿವರ್ಬ್ ಕೇಳುತ್ತಿದ್ದೆ. ಗಿಟಾರ್ ಮತ್ತೆ ಅಟ್ಟ ಸೇರಿತು. ನಾಲ್ಕನೇ ಸೋಮವಾರ ಗುಡಿಗೆ ಹೋಗಲಿಲ್ಲ.

ಮಂಗಳವಾರ ಬೆಳಿಗ್ಗೆ ಹಾರ್ಮೋನಿಯಂ ಅಜ್ಜ ಮನೆಗೇ ಬಂದರು. ಊರಿನಲ್ಲಿ ಯಾವ ವಿಷಯವೂ ಮುಚ್ಚಿರುವುದಿಲ್ಲ, ಅವರಿಗೆ ಎಲ್ಲ ಗೊತ್ತಿತ್ತು. ಚಹಾ ಕುಡಿದು ಅಂಗಿಯ ಕಿಸೆಯಿಂದ ಒಂದು ಮೊಬೈಲ್ ತೆಗೆದು ಕಟ್ಟೆಯ ಮೇಲಿಟ್ಟರು. ಮೊಮ್ಮಗನ ಹಳೇ ಫೋನ್. ಗಾಜು ಜೇಡರ ಬಲೆಯ ಹಾಗೆ ಒಡೆದಿತ್ತು.

"ಇದರಾಗ ಸಿಮ್ ಇಲ್ಲ. ಇದನ್ನ ಗಿಟಾರಿಗೆ ಇಟ್ಕೊ. ಅದನ್ನ ಊರಿಗೆ ಇಟ್ಕೊ."

ಈಗ ಹಾಗೇ ನಡೆದಿದೆ. ಒಡೆದ ಫೋನಿನಲ್ಲಿ ಗಿಟಾರಿನ ಆ್ಯಪ್ ಒಂದೇ ಇದೆ. ಸ್ವಲ್ಪ ತಡ ಮಾಡುತ್ತದೆ, ಹಾಗಾಗಿ ನಾನೂ ಅವಸರದ ಗತ್ತು ಬಿಟ್ಟು ನಿಧಾನದ್ದು ಬಾರಿಸುತ್ತೇನೆ. ಭಜನೆಗೆ ಅದೇ ಚಂದ. ಕೆಲಸದ ಫೋನ್ ಎದೆಯ ಕಿಸೆಯಲ್ಲಿ, ವೈಬ್ರೇಷನ್ ಹಾಕಿಕೊಂಡು.

ನಿಮ್ಮ ಮನೆಯಲ್ಲೂ ಗಿಟಾರ್ ಕಲಿಯುವ ಹುಡುಗ, ಹುಡುಗಿ ಇದ್ದರೆ ಆಂಪ್ಲಿಫೈಯರಿಗೆ ಅಂತ ಸಾಲ ಮಾಡುವ ಮೊದಲು ಕಪಾಟಿನಲ್ಲಿ ಬಿದ್ದ ಹಳೇ ಫೋನ್ ನೋಡಿ. ಆಂಡ್ರಾಯ್ಡ್ 8 ಅಥವಾ ಈಚಿನದು, ಇಯರ್‌ಫೋನ್ ತೂತು ಸರಿ ಇರುವಂಥದ್ದು ಸಾಕು. ಗಾಜು ಒಡೆದಿದ್ದರೂ ನಡೆಯುತ್ತದೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಮುಟ್ಟಬೇಡಿ.

ಹೋದ ಅಮಾವಾಸ್ಯೆಯ ಭಜನೆಯಲ್ಲಿ ನಡುಪದಕ್ಕೆ ಎದೆಯ ಕಿಸೆ ನಡುಗಿತು. ಅಜ್ಜನ ಕಡೆ ನೋಡಿದೆ. ಅವರು ಹಾಡುತ್ತಲೇ ಬಾಗಿಲ ಕಡೆ ತಲೆ ಅಲ್ಲಾಡಿಸಿದರು. ಗಿಟಾರನ್ನು ಕಂಬಕ್ಕೆ ಆನಿಸಿ ಹೊರಗೆ ಬಂದು ಫೋನ್ ಎತ್ತಿದೆ. ಒಳಗೆ ಪದ ನಿಲ್ಲಲಿಲ್ಲ. ನಾನಿಲ್ಲದೆಯೂ ಭಜನೆ ನಡೆಯುತ್ತದೆ.