ಉಪ್ಪಾಗೆ ಮರದ ಕೆಳಗೆ ಒಂದು ಮಳೆಗಾಲ

ಪಾಂಡಾ ಅಂದರೆ ನಮ್ಮ ಹೆಗ್ಗರಣೆಯ ಅಂಗನವಾಡಿ ಮಕ್ಕಳಿಗೂ ಗೊತ್ತು. ವಾಟ್ಸಾಪ್ ಸ್ಟಿಕ್ಕರಿನಲ್ಲಿ ದಿನಾ ನೋಡುತ್ತಾರೆ. ಅದೇ ಮಕ್ಕಳಿಗೆ ಉಂಚಳ್ಳಿ ಜಲಪಾತದ ಕಡೆಯ ಕಾಡಿನಲ್ಲಿ ಸಿಂಗಳೀಕ ತೋರಿಸಿದರೆ "ಮುಸ್ಯ" ಅನ್ನುತ್ತಾರೆ. ಮುಸ್ಯನ ಮೈ ಬೂದು, ಮುಖ ಮಾತ್ರ ಕಪ್ಪು. ಸಿಂಗಳೀಕದ ಮೈಯೆಲ್ಲ ಕಪ್ಪು, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಸಿಂಹದ ಬಾಲಕ್ಕಿರುವಂಥ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಇನ್ಯಾವ ಕಾಡಿನಲ್ಲೂ ಇದು ಇಲ್ಲ. ಘಟ್ಟದಲ್ಲಿ ಉತ್ತರದ ಕೊನೆಯ ದೊಡ್ಡ ನೆಲೆ ನಮ್ಮ ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡು.

ಪತ್ರಿಕೋದ್ಯಮ ಓದಿ ಊರಿಗೆ ಬಂದು ಕೆಲಸ ಹುಡುಕುತ್ತಿದ್ದ ಸಮಯ. ಸಿಂಗಳೀಕದ ನಡವಳಿಕೆ ನೋಡಲು ಬಂದ ಸಂಶೋಧಕರೊಬ್ಬರಿಗೆ ಕಾಡಿನ ದಾರಿ ಗೊತ್ತಿರುವವರು ಬೇಕಿತ್ತು. ಅವರ ಜೊತೆ ಇಬ್ಬರು ಇಂಟರ್ನ್‌ಗಳು, ಬೆಂಗಳೂರಿನ ಹುಡುಗಿ ಮತ್ತು ದಾವಣಗೆರೆಯ ಹುಡುಗ. ಪಕ್ಕದ ಮನೆ ಅಜ್ಜ ನಮ್ಮ ಅಂಗಳಕ್ಕೆ ಬಂದು, "ಮಂಗ ನೋಡಲೆ ಇಷ್ಟು ದೂರ ಬಂಜ್ವಡ!" ಎಂದು ನಕ್ಕಿದ್ದರು.

ಕೆಲಸ ಏನೆಂದರೆ ಕಾಯುವುದು. ಬೆಳಕು ಹರಿಯುವ ಮೊದಲು ಹೊರಡಬೇಕು, ಹಿಂದಿನ ಸಂಜೆ ಗುಂಪು ಮಲಗಿದ ಮರದ ಕೆಳಗೆ ನಿಲ್ಲಬೇಕು. ಆಮೇಲೆ ಅವು ಹೋದಲ್ಲೆಲ್ಲ ನಾವು. ಅವು ಮರದಿಂದ ಮರಕ್ಕೆ, ನಾವು ಹಳ್ಳ ಹತ್ತಿ ಇಳಿದು. ಕಾಲಿಗೆ ಉಂಬಳ, ತಲೆಗೆ ಮಳೆ. ಹುಡುಗಿ ಮೊದಲ ವಾರ ಉಂಬಳ ಎಣಿಸುತ್ತಿದ್ದಳು, ಎರಡನೇ ವಾರ ಬಿಟ್ಟುಬಿಟ್ಟಳು. ಗಡಿಯಾರ ನೋಡಿಕೊಂಡು ಹತ್ತು ನಿಮಿಷಕ್ಕೊಮ್ಮೆ ಕಣ್ಣಿಗೆ ಬಿದ್ದ ಪ್ರತಿಯೊಂದೂ ಏನು ಮಾಡುತ್ತಿದೆ ಎಂದು ಬರೆಯಬೇಕು. ತಿನ್ನುತ್ತಿದೆ, ಹೋಗುತ್ತಿದೆ, ಸುಮ್ಮನೆ ಕೂತಿದೆ, ಇನ್ನೊಂದರ ಹೇನು ಹೆಕ್ಕುತ್ತಿದೆ.

ಒಮ್ಮೆ ಹುಡುಗ "ಗಂಡಿಗೆ ಸಿಟ್ಟು ಬಂದಿದೆ" ಎಂದು ಬರೆದ. ಸಂಶೋಧಕರು ಅದನ್ನು ಹೊಡೆದು ಹಾಕಿಸಿದರು. ಸಿಟ್ಟು ನಿನಗೆ ಕಾಣಿಸಿತಾ? ಬಾಯಿ ತೆರೆದು ಕೋರೆಹಲ್ಲು ತೋರಿಸಿತು, ಅಷ್ಟು ಬರಿ. ಕಾಲೇಜಿನಲ್ಲಿ ಮೂರು ವರ್ಷ ವರದಿಗಾರಿಕೆ ಕಲಿತವನಿಗೆ ಇದನ್ನು ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಪಾಂಡಾ ಕಥೆ ಬರುತ್ತಿತ್ತು. 1980ರಲ್ಲಿ ಜಾರ್ಜ್ ಶಾಲರ್ ಚೀನಾದ ವೊಲೊಂಗ್‌ಗೆ ಹೋಗಿ ಹು ಜಿಂಚು ಜೊತೆ ಪಾಂಡಾ ಅಧ್ಯಯನ ಶುರು ಮಾಡಿದರು. ದಟ್ಟ ಬಿದಿರಿನಲ್ಲಿ ಪ್ರಾಣಿ ಕಾಣುವುದೇ ಅಪರೂಪ. ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ, ಬಿದ್ದ ಲದ್ದಿ ಹುಡುಕಿ ಲೆಕ್ಕ ಹಾಕಬೇಕು. ಲದ್ದಿಯಲ್ಲಿರುವ ಬಿದಿರಿನ ಚೂರಿನ ಉದ್ದ ಅಳೆದು ಇದು ಯಾವ ಪಾಂಡಾ ಎಂದು ಗುರುತಿಸುವ ಕ್ರಮವೂ ಇದೆ. 2014ರಲ್ಲಿ ಪೂರ್ತಿಯಾದ ಗಣತಿಯಲ್ಲಿ ಕಾಡಿನ ಪಾಂಡಾ 1,864 ಎಂದು ಬಂತು. ಅಷ್ಟು ಖರ್ಚು, ಅಷ್ಟು ಹೆಸರು ನಮ್ಮ ಸಿಂಗಳೀಕಕ್ಕೆ ಎಲ್ಲಿಂದ ಬರಬೇಕು? ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್, ಎಚ್.ಎನ್. ಕುಮಾರ ಅವರು ಈ ಕಾಡು ಸುತ್ತಿ ಇಲ್ಲಿ ದೊಡ್ಡ ಸಂಖ್ಯೆಯಲ್ಲಿವೆ ಎಂದು ಬರೆದ ಮೇಲೆಯೇ ಹೊರಗಿನವರ ಕಣ್ಣು ಇತ್ತ ಬಿದ್ದಿದ್ದು. 2011ರಲ್ಲಿ 299.52 ಚದರ ಕಿಲೋಮೀಟರ್ ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಆಯಿತು. 2019ರಲ್ಲಿ ಅದನ್ನು ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿಸಿದರು.

ನನಗೆ ಕಷ್ಟವಾಗಿದ್ದು ಉಂಬಳದಿಂದಲ್ಲ, ಉಪ್ಪಾಗೆಯಿಂದ.

ಮಳೆಗಾಲದಲ್ಲಿ ನಮ್ಮ ಮನೆಗೆ ಕೈಗೆ ಸಿಗುವ ದುಡ್ಡು ಅಂದರೆ ಅದೇ. ಬೆಟ್ಟದಿಂದ ತಂದು, ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು. ಬೀಜದಿಂದ ಆಯಿ ಉಪ್ಪಾಗೆ ತುಪ್ಪ ಮಾಡುತ್ತಾಳೆ. ಕಾಯಿದ್ದರೆ ಹಣ್ಣಾಗಿ ಹಳದಿ ಆಗುತ್ತದೆ. ಆದರೆ ಕಾಯುವವರು ಯಾರು? ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ. ಅದಕ್ಕೇ ಎಳೆಗಾಯಿಗೇ ಕತ್ತಿ ಬೀಳುತ್ತದೆ, ಕೆಲವು ಸಲ ಕೊಂಬೆಗೂ.

ನಮ್ಮ ಗುಂಪು ಆ ಜುಲೈನಲ್ಲಿ ದಿನ ದಿನವೂ ಅದೇ ಹಣ್ಣಿಗೆ ಬರುತ್ತಿತ್ತು. ಕೆನ್ನೆಯ ಚೀಲ ಉಬ್ಬುವಷ್ಟು ತುಂಬಿಕೊಂಡು ದೂರ ಹೋಗಿ ಕೂತು ತಿನ್ನುತ್ತಿದ್ದವು. ಒಂದು ಬೆಳಿಗ್ಗೆ ಬಂದಾಗ ಮರ ಬೋಳು, ಕೆಳಗೆ ಹಸಿ ಕೊಂಬೆಗಳ ರಾಶಿ. ಗುಂಪು ಸ್ವಲ್ಪ ಹೊತ್ತು ಆ ಮರದಲ್ಲೇ ಓಡಾಡಿ ಮುಂದೆ ಹೋಯಿತು. "ನಿರಾಸೆ ಅಂತ ಬರೆಯೋ ಹಾಗಿಲ್ಲ ಅಲ್ವಾ ಅಣ್ಣಾ?" ಎಂದು ಹುಡುಗಿ ಕೇಳಿದಳು. "ಹೋಗುತ್ತಿದೆ" ಎಂದಷ್ಟೇ ಬರೆದಳು. ಕೊಯ್ದವರು ಯಾರು ಎಂದು ಅವಳು ಕೇಳಲಿಲ್ಲ. ಕತ್ತಿಯ ಗುರುತು ನೋಡಿದರೆ ನನಗೆ ಗೊತ್ತಾಗುವಂತಿತ್ತು. ಆ ಮನೆಯಲ್ಲಿ ಮಗಳ ಕಾಲೇಜಿನ ಫೀಸು ಕಟ್ಟಬೇಕಿತ್ತು ಅನ್ನುವುದೂ ಗೊತ್ತಿತ್ತು. ಹತ್ತು ನಿಮಿಷದ ಹಾಳೆಯಲ್ಲಿ ಅದಕ್ಕೆ ಕಾಲಂ ಇಲ್ಲ.

ಆ ರಾತ್ರಿ ಅಪ್ಪನ ಹತ್ತಿರ ಮಾತೆತ್ತಿದೆ. ಊರವರೆಲ್ಲ ಸೇರಿ ಇಂಥ ದಿನದ ತನಕ ಯಾರೂ ಕೊಯ್ಯಬಾರದು ಎಂದು ಮಾಡಿಕೊಂಡರೆ ಹಣ್ಣು ಕೊಯ್ಯಬಹುದು, ಮರವೂ ಉಳಿಯುತ್ತದೆ ಎಂದೆ. ಅಪ್ಪ ಕವಳ ಉಗಿದು ಬಂದು ಕೂತು, "ನಾ ಒಪ್ಪಿದೆ. ಉಳಿದ ಮನೆಗಳಿಗೆ ಹೋಗಿ ಹೇಳುವವ ಯಾರು, ನೀನೋ ಅವರೋ?" ಎಂದು ಕೇಳಿದರು.

ಇಂಟರ್ನ್‌ಗಳು ಚೌತಿಗೆ ಮೊದಲೇ ಹೊರಟುಹೋದರು. ಇದುವರೆಗೆ ನಾನು ಏಳು ಮನೆಗೆ ಹೋಗಿ ಬಂದಿದ್ದೇನೆ. ನಾಲ್ಕು ಮನೆಯವರು ಸರಿ ಅಂದಿದ್ದಾರೆ. ಒಬ್ಬರು ನಾನು ಇಲಾಖೆಯ ಕಡೆಯವನಾ ಎಂದು ಕೇಳಿದರು. ಕೊಂಬೆ ಕಡಿದವರ ಮನೆಗೆ ಇನ್ನೂ ಹೋಗಿಲ್ಲ, ಬರುವ ಭಾನುವಾರ ಹೋಗಬೇಕು.