ಲಗ್ಗೆರೆಯಲ್ಲಿ ಒಂದು ಪ್ರಶ್ನೆ: ಬೀಗ ಮುಂದಕ್ಕೋ, ಹಿಂದಕ್ಕೋ?

ಬೆಂಗಳೂರಿಗೆ ಬಂದವರು ಲಾಲ್‌ಬಾಗ್ ನೋಡುತ್ತಾರೆ, ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಶಿವಾಜಿನಗರದಲ್ಲಿ ಬಟ್ಟೆ ಖರೀದಿಸುತ್ತಾರೆ. ಲಗ್ಗೆರೆಯನ್ನು ನೋಡಲೆಂದೇ ಬರುವವರು ಬಹುಶಃ ಯಾರೂ ಇಲ್ಲ. ಅಲ್ಲಿಗೆ ಬರುವವರು ದುಡಿಯಲು ಬರುತ್ತಾರೆ. ತುಮಕೂರು ರಸ್ತೆಯ ಗೊರಗುಂಟೆಪಾಳ್ಯದಲ್ಲಿ ಮೆಟ್ರೋ ಇಳಿದು, ಹೊರವರ್ತುಲ ರಸ್ತೆ ಹಿಡಿದು ಕಂಠೀರವ ಸ್ಟುಡಿಯೋ, ನಂದಿನಿ ಲೇಔಟ್ ಕಡೆಯಿಂದ ಸಾಗಿದರೆ ಲಗ್ಗೆರೆ ಸಿಗುತ್ತದೆ. ಒಂದು ಕಾಲಕ್ಕೆ ಹೊಲಗದ್ದೆಗಳಿದ್ದ ಹಳ್ಳಿ. 1970ರ ದಶಕದಲ್ಲಿ ಪಕ್ಕದ ಪೀಣ್ಯದಲ್ಲಿ ಕೈಗಾರಿಕಾ ವಸಾಹತು ತಲೆಯೆತ್ತಿದ ಮೇಲೆ ಹೊಲಗಳು ಸೈಟುಗಳಾದವು, ಸೈಟುಗಳಲ್ಲಿ ಮನೆಗಳೆದ್ದವು, ಮನೆಗಳ ನೆಲಮಾಳಿಗೆಗೆ ಲೇತ್ ಯಂತ್ರಗಳು ಬಂದವು.

ಬೆಳಗಿನ ಹೊತ್ತು ಇಲ್ಲಿನ ರಸ್ತೆಗಳಲ್ಲಿ ಟಿಫಿನ್ ಚೀಲ ಹಿಡಿದ ಹೆಣ್ಣುಮಕ್ಕಳ ಗುಂಪುಗಳೇ ಕಾಣುತ್ತವೆ. ಹೆಚ್ಚಿನವರು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವವರು. ಅವರು ದಾಟಿ ಹೋದ ಮೇಲೆ ಓಣಿಗಳಲ್ಲಿ ಕಬ್ಬಿಣದ ಸದ್ದು ಶುರುವಾಗುತ್ತದೆ. ಒಂದು ಕಡೆ ಉಕ್ಕಿನ ಸರಳನ್ನು ತಿರುಗಿಸಿ ಕೆತ್ತುತ್ತಾರೆ, ಇನ್ನೊಂದು ಕಡೆ ಅದಕ್ಕೆ ಹಲ್ಲು ಕೊರೆಯುತ್ತಾರೆ, ಮತ್ತೊಂದು ಕಡೆ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಒಳ್ಳೆಯ ಹಲ್ಲುಚಕ್ರದ ಗುಟ್ಟೇ ಇದು: ಸವೆಯದಂತೆ ಹೊರಮೈ ಗಟ್ಟಿಯಾಗಿರಬೇಕು, ಪೆಟ್ಟು ಬಿದ್ದಾಗ ಮುರಿಯದಂತೆ ಒಳಗು ಸ್ವಲ್ಪ ಮೆತ್ತಗಿರಬೇಕು. ಒಳಗೂ ಹೊರಗೂ ಗಟ್ಟಿಯಾದದ್ದು ಗಾಜಿನಂತೆ ಒಡೆಯುತ್ತದೆ.

ನಮ್ಮ ಸಂಬಂಧಿಕರೊಬ್ಬರ ಮನೆ ಇಂತಹ ಒಂದು ಓಣಿಯಲ್ಲಿದೆ. ಮನೆಯ ಮಗನಿಗೆ ಸಣ್ಣ ವರ್ಕ್‌ಶಾಪ್ ಇದೆ. ಮಗಳನ್ನು ಮಲೆನಾಡಿನ ಹೊಸನಗರ ತಾಲೂಕಿನ ಕಡೆ ಮದುವೆ ಮಾಡಿಕೊಟ್ಟಿದ್ದಾರೆ. ಅಳಿಯ ಜೀಪು ಓಡಿಸುತ್ತಾನೆ. ಅದು ಶೋಕಿಯ ಜೀಪಲ್ಲ. 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಪ್ರವಾಸಿಗರನ್ನು ಹತ್ತಿಸುವುದು, ತೋಟಕ್ಕೆ ಗೊಬ್ಬರ ಸಾಗಿಸುವುದು, ಮಳೆಗಾಲದಲ್ಲಿ ಬಸ್ಸು ಬರದ ಮನೆಗಳಿಂದ ಬಸುರಿಯರನ್ನೂ ರೋಗಿಗಳನ್ನೂ ಡಾಂಬರು ರಸ್ತೆಯವರೆಗೆ ತಲುಪಿಸುವುದು, ಎಲ್ಲವೂ ಅದರಿಂದಲೇ. ಕೆಸರಿನಲ್ಲಿ ಪದೇ ಪದೇ ಹೂತುಹೋಗುವ ಆ ಜೀಪಿಗೆ ‘ಡಿಫರೆನ್ಷಿಯಲ್ ಲಾಕ್’ ಹಾಕಿಸುವುದೆಂದು ತೀರ್ಮಾನವಾಯಿತು. ಕೈಯಲ್ಲಿದ್ದ ಹಣ ಒಂದೇ ಲಾಕಿಗೆ ಸಾಕು. ಅದೂ ಮಗಳು ಚೀಟಿ ಕಟ್ಟಿ ಕೂಡಿಟ್ಟ ಹಣ. “ನನ್ನ ದುಡ್ಡು ಎಲ್ಲಿಗೆ ಹೋಗುತ್ತದೆಂದು ನನಗೆ ಅರ್ಥವಾಗಬೇಕು. ಬೀಗ ಹಾಕುವುದು ಮುಂದಿನ ಚಕ್ರಕ್ಕೋ, ಹಿಂದಿನ ಚಕ್ರಕ್ಕೋ?” ಎಂದು ಅವಳು ಪಟ್ಟು ಹಿಡಿದಳು. ಪ್ರಶ್ನೆ ನ್ಯಾಯವಾದದ್ದೇ. ಅದರ ಉತ್ತರವನ್ನು ಅಡುಗೆಮನೆಯ ಮಾತಿನಲ್ಲೇ ಹೇಳಬಹುದು.

ಮಕ್ಕಳು ಕೈಕೈ ಹಿಡಿದು ಸಾಲಾಗಿ ಸುತ್ತುವುದನ್ನು ನೋಡಿದ್ದೀರಲ್ಲವೇ? ಒಳಗಿನ ತುದಿಯ ಮಗು ನಿಂತಲ್ಲೇ ಹೆಜ್ಜೆ ಹಾಕುತ್ತದೆ, ಹೊರತುದಿಯ ಮಗು ಓಡಬೇಕಾಗುತ್ತದೆ. ತಿರುವಿನಲ್ಲಿ ವಾಹನದ ಚಕ್ರಗಳ ಕಥೆಯೂ ಇಷ್ಟೇ. ಒಂದೇ ಆಕ್ಸಲ್‌ನ ಎರಡು ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಗೂಡಿಗೆ ಡಿಫರೆನ್ಷಿಯಲ್ ಎಂದು ಹೆಸರು. ನಮ್ಮ ರಸ್ತೆಗಳಲ್ಲಿ ಓಡುವ ಬಹುತೇಕ ಎಲ್ಲ ಕಾರುಗಳಲ್ಲೂ ಅದು ಇದೆ.

ಆದರೆ ಅದಕ್ಕೊಂದು ಸ್ವಭಾವವಿದೆ. ಅದು ತಕ್ಕಡಿಯಂತೆ ಎರಡೂ ಕಡೆಗೆ ಸಮನಾಗಿಯೇ ಬಲ ಹಂಚುತ್ತದೆ. ಒಂದು ಚಕ್ರ ಕೆಸರಿಗೆ ಬಿದ್ದು ಜಾರತೊಡಗಿದರೆ ಅದನ್ನು ತಿರುಗಿಸಲು ಅಲ್ಪ ಬಲ ಸಾಕು. ಗಟ್ಟಿ ನೆಲದ ಮೇಲಿರುವ ಜೊತೆಗಾರನಿಗೂ ಅಷ್ಟೇ ಅಲ್ಪ ಬಲ ದಕ್ಕುತ್ತದೆ. ಹೀಗೆ ಒಂದು ಚಕ್ರ ಬುರ್ರೆಂದು ಸುತ್ತುತ್ತದೆ, ಇನ್ನೊಂದು ಅಲುಗುವುದಿಲ್ಲ. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ ಜೀಪಿನಲ್ಲೂ ಮುಂದಿನದೊಂದು, ಹಿಂದಿನದೊಂದು ಚಕ್ರ ಹಿಡಿತ ತಪ್ಪಿದರೆ ಸಾಕು, ಗಾಡಿ ನಿಂತುಬಿಡುತ್ತದೆ. ಲಾಕ್ ಎಂದರೆ ಆಕ್ಸಲ್‌ನ ಎರಡೂ ಚಕ್ರಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಬೀಗ. ಆಗ ಒಂದು ಜಾರಿದರೂ ಇನ್ನೊಂದು ತಿರುಗಲೇಬೇಕು, ಗಾಡಿಯನ್ನು ತಳ್ಳಲೇಬೇಕು.

ಹಾಗಾದರೆ ಮೊದಲ ಬೀಗ ಯಾವುದಕ್ಕೆ? ಒಂದೇ ಸಾಧ್ಯವೆಂದಾದರೆ ಹಿಂದಿನದಕ್ಕೆ. ಇದಕ್ಕೆ ಮೂರು ಕಾರಣಗಳಿವೆ.

ಒಂದನೆಯದು ಭಾರ. ಕಬ್ಬಿಣದ ಬೀರುವನ್ನು ಇಬ್ಬರು ಮೆಟ್ಟಿಲು ಹತ್ತಿಸುವಾಗ ಕೆಳಗೆ ನಿಂತವನ ಮೇಲೆಯೇ ಹೆಚ್ಚು ಭಾರ ಬೀಳುತ್ತದೆ. ಏರು ಹತ್ತುವ ಜೀಪಿನಲ್ಲೂ ಭಾರ ಹಿಂದಿನ ಚಕ್ರಗಳಿಗೆ ಸರಿಯುತ್ತದೆ. ಜನರೂ ಸಾಮಾನೂ ಇರುವುದು ಹಿಂದುಗಡೆಯೇ. ಭಾರ ಇರುವಲ್ಲಿ ಹಿಡಿತ, ಹಿಡಿತ ಇರುವಲ್ಲಿ ಬೀಗಕ್ಕೆ ಬೆಲೆ.

ಎರಡನೆಯದು ಸ್ಟೀರಿಂಗ್. ಮುಂದಿನ ಚಕ್ರಗಳಿಗೆ ಎರಡು ಕೆಲಸ: ಎಳೆಯುವುದು ಮತ್ತು ತಿರುಗುವುದು. ಅವುಗಳಿಗೆ ಬೀಗ ಹಾಕಿದರೆ ಸ್ಟೀರಿಂಗ್ ಕಲ್ಲಿನಂತಾಗುತ್ತದೆ, ಗಾಡಿ ನೆಟ್ಟಗೆ ಹೋಗಲು ಹಟ ಹಿಡಿಯುತ್ತದೆ. ಒಂದು ಬದಿ ಗುಡ್ಡ, ಇನ್ನೊಂದು ಬದಿ ಕಣಿವೆ ಇರುವ ಹಾದಿಯ ತಿರುವಿನಲ್ಲಿ ಇದು ಸಣ್ಣ ಮಾತಲ್ಲ. ಹಿಂದಿನ ಬೀಗವೂ ಗಾಡಿಯನ್ನು ನೆಟ್ಟಗೆ ತಳ್ಳುತ್ತದೆ ನಿಜ, ಆದರೆ ತಿರುಗಿಸುವ ಚಕ್ರಗಳು ಸ್ವತಂತ್ರವಾಗಿರುತ್ತವೆ.

ಮೂರನೆಯದು ಬಾಳಿಕೆ. ಮುಂದಿನ ಆಕ್ಸಲ್‌ನಲ್ಲಿ ಚಕ್ರ ಓರೆಯಾಗಲು ಕೀಲುಗಳಿವೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಬೀಗವನ್ನೂ ಹಾಕಿ ಜೋರಾಗಿ ಎಳೆದರೆ ಆ ಕೀಲುಗಳೇ ಮುರಿಯುವ ಅಪಾಯವಿದೆ. ಕಾಡಿನ ನಡುವೆ ಕೀಲು ಮುರಿದರೆ ಆ ದಿನದ ದುಡಿಮೆಯ ಜೊತೆಗೆ ಮರುವಾರದ ದುಡಿಮೆಯೂ ಹೋದಂತೆಯೇ. ಅಲ್ಲದೆ ಇಂತಹ ಜೀಪುಗಳಲ್ಲಿ ಮುಂದಿನ ಬೀಗ ಕೆಲಸಕ್ಕೆ ಬರುವುದು ನಾಲ್ಕು ಚಕ್ರದ ಗೇರ್ ಹಾಕಿದಾಗ ಮಾತ್ರ. ಹಿಂದಿನದು ಎರಡು ಚಕ್ರದ ಓಟದಲ್ಲೂ ನೆರವಾಗುತ್ತದೆ.

ತಯಾರಕರ ಆಯ್ಕೆಯೂ ಹೀಗೆಯೇ ಇದೆ. 2020ರ ಮಹೀಂದ್ರಾ ಥಾರ್‌ನಲ್ಲಿ ಬೀಗ ಬಂದದ್ದು ಹಿಂದಿನ ಆಕ್ಸಲ್‌ಗೆ. 2024ರ ಥಾರ್ ರಾಕ್ಸ್‌ನಲ್ಲೂ ಹಿಂದಕ್ಕೇ, ವಿದ್ಯುತ್ ಗುಂಡಿಯಿಂದ ಹಾಕುವಂಥದ್ದು. ಎರಡೂ ಕಡೆ ಬೀಗವಿರುವುದು ಫೋರ್ಸ್ ಗೂರ್ಖಾದಲ್ಲಿ.

ಹಾಗೆಂದು ಮುಂದಿನ ಬೀಗ ವ್ಯರ್ಥವಲ್ಲ. ಬಂಡೆಯ ಮೆಟ್ಟಿಲಿಗೆ ಮುಂದಿನ ಚಕ್ರಗಳನ್ನು ಹತ್ತಿಸಬೇಕಾದಾಗ ಅದು ಬಲು ಉಪಕಾರಿ. ಏರನ್ನು ರಿವರ್ಸ್‌ನಲ್ಲಿ ಹತ್ತಬೇಕಾದಾಗಲೂ ಅಷ್ಟೇ. ಆಗ ಗಾಡಿಯ ಮೂತಿ ಕೆಳಗಿದ್ದು ಭಾರ ಮುಂದಿನ ಚಕ್ರಗಳ ಮೇಲಿರುತ್ತದೆ. ಬಂಡೆಗಳಲ್ಲೇ ಆಟವಾಡುವವರು ಎರಡನ್ನೂ ಹಾಕಿಸಿಕೊಳ್ಳಲಿ. ಕೆಸರು, ಏರು, ಹೇರು ಇವೇ ದಿನನಿತ್ಯವಾಗಿರುವವರಿಗೆ ಹಿಂದಿನದೇ ಮೊದಲು.

ಲಗ್ಗೆರೆಯ ಮನೆಯಲ್ಲೂ ಕೊನೆಗೆ ಹಿಂದಿನದೇ ಗಟ್ಟಿಯಾಯಿತು. ಬೀಗ ಕೂರಿಸುವ ಕೆಲಸ ನೋಡುವುದಕ್ಕೆ ಸಣ್ಣದು, ಮಾಡುವುದಕ್ಕೆ ನಾಜೂಕು. ಹಲ್ಲಿಗೂ ಹಲ್ಲಿಗೂ ನಡುವಿನ ಸಂದನ್ನು ಕಾಗದದಷ್ಟು ತೆಳುವಾದ ತಗಡುಗಳನ್ನಿಟ್ಟು, ಅಳತೆಯ ಡಯಲ್ ನೋಡುತ್ತಾ ಹೊಂದಿಸಬೇಕು. ಸಂದು ಹೆಚ್ಚಾದರೆ ಹಲ್ಲು ಬಡಿದುಕೊಳ್ಳುತ್ತದೆ, ಕಡಿಮೆಯಾದರೆ ಕಾದು ಸವೆಯುತ್ತದೆ. ಅಗ್ಗಕ್ಕೆ ಮಾಡಿಕೊಡುತ್ತೇವೆ ಎನ್ನುವವರಿಗಿಂತ ಅಳೆದು ಮಾಡುವವರನ್ನು ಹುಡುಕಬೇಕು. ಇನ್ನೊಂದು ಎಚ್ಚರ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನಗಳ ಮಾರ್ಪಾಡಿಗೆ ಮಿತಿ ಹಾಕಿದೆ. ಆದ್ದರಿಂದ ಯಾವುದೇ ಬದಲಾವಣೆಗೆ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪೆನಿಯಲ್ಲೂ ಕೇಳಿ ತಿಳಿದುಕೊಳ್ಳುವುದು ಒಳಿತು.

ಬೀಗ ಇದೆಯೆಂದು ಅದನ್ನು ಸದಾ ಹಾಕಿಡಬಾರದು. ಗುಂಡಿ ಅಥವಾ ಲಿವರ್‌ನಿಂದ ಹಾಕುವ ಬೀಗವನ್ನು ಕೆಸರಿಗೆ ಇಳಿಯುವ ಮುಂಚೆಯೇ ನಿಧಾನವಾಗಿ ಹಾಕಬೇಕು, ಚಕ್ರ ರಭಸದಿಂದ ಸುತ್ತುತ್ತಿರುವಾಗ ಅಲ್ಲ. ಗಟ್ಟಿ ನೆಲ ಬಂದೊಡನೆ ತೆಗೆಯಬೇಕು. ಡಾಂಬರಿನ ಮೇಲೆ ಬೀಗ ಹಾಕಿ ತಿರುಗಿಸಿದರೆ ಟೈರು ಸವೆಯುತ್ತದೆ, ಆಕ್ಸಲ್ ನರಳುತ್ತದೆ. ಒಂದು ಬದಿಗೆ ವಾಲಿದ ಜಾರು ನೆಲದಲ್ಲಂತೂ ಇನ್ನೂ ಎಚ್ಚರ ಬೇಕು. ಕಟ್ಟಿಹಾಕಿದ ಎರಡು ಚಕ್ರಗಳು ಒಟ್ಟಿಗೇ ಹಿಡಿತ ತಪ್ಪಿದರೆ ಗಾಡಿಯ ಹಿಂಭಾಗ ಇಳಿಜಾರಿನತ್ತ ಸರಿಯುತ್ತದೆ. ಅಂತಹ ಜಾಗದಲ್ಲಿ ಪ್ರಯಾಣಿಕರನ್ನು ಇಳಿಸಿ ನಡೆಸುವುದೇ ಜಾಣತನ. ಸವೆದ ಟೈರಿಗೆ ಯಾವ ಬೀಗವೂ ಪರಿಹಾರವಲ್ಲ ಎಂಬುದೂ ನೆನಪಿರಲಿ.

ಗಂಡಸರ ಗಾಡಿಯ ವಿಷಯ ನಮಗೇಕೆ ಎಂದು ಸಹೋದರಿಯರು ಸುಮ್ಮನಾಗುವುದುಂಟು. ಆದರೆ ಆ ಗಾಡಿಯಲ್ಲಿ ಆಸ್ಪತ್ರೆಗೆ ಹೋಗುವವರು ನಾವೇ, ಶಾಲೆಗೆ ಹೋಗುವವರು ನಮ್ಮ ಮಕ್ಕಳೇ, ಅದರ ಸಾಲದ ಕಂತಿಗೆ ಕರಗುವುದು ನಮ್ಮ ಬಳೆಯೇ. ಹೊಲಿಗೆ ಯಂತ್ರದ ಸದ್ದಿನಲ್ಲೇ ಅದರ ರೋಗ ಪತ್ತೆ ಹಚ್ಚುವ ಹೆಣ್ಣಿಗೆ ನಾಲ್ಕು ಹಲ್ಲುಚಕ್ರಗಳ ಲೆಕ್ಕ ದೊಡ್ಡದೇನಲ್ಲ. ಕೇಳಿದರೆ ಯಾರಾದರೂ ಬಿಡಿಸಿ ಹೇಳುತ್ತಾರೆ. ಅದಕ್ಕೆ ಲಗ್ಗೆರೆಯವರೆಗೂ ಹೋಗಬೇಕಿಲ್ಲ, ನಮ್ಮೂರಿನ ಗ್ಯಾರೇಜೂ ಸಾಕು.