ಕಿಟೆಲ್ ಕೊನೆಯುಸಿರೆಳೆದ ಊರು

ಬೆಂಗಳೂರಿನಿಂದ ನಮ್ಮ ಮನೆಗೆ ಬರುವ ನೆಂಟರ ಪಟ್ಟಿ ಹೆಚ್ಚುಕಡಿಮೆ ಒಂದೇ. ಮ್ಯೂನಿಕ್, ನೊಯ್‌ಶ್ವಾನ್‌ಸ್ಟೈನ್ ಅರಮನೆ, ಬ್ಲ್ಯಾಕ್ ಫಾರೆಸ್ಟಿನ ಕೋಗಿಲೆ ಗಡಿಯಾರ, ಪುರುಸೊತ್ತಾದರೆ ಬರ್ಲಿನ್ ಗೋಡೆ. ನಾವಿರುವ ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿಯ ಟ್ಯೂಬಿಂಗನ್ ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಆದರೂ ಹಟ ಹಿಡಿದು ಅವರಿಂದ ಒಂದು ದಿನ ಕಸಿದುಕೊಳ್ಳುತ್ತೇನೆ.

ನೆಕ್ಕರ್ ನದಿಯ ಮೇಲಿನ ಸೇತುವೆಯಲ್ಲಿ ನಿಂತರೆ ಊರು ಒಂದೇ ನೋಟಕ್ಕೆ ಸಿಗುತ್ತದೆ. ಮರದ ಚೌಕಟ್ಟಿನ ಹಳೆಯ ಮನೆಗಳು ಒಂದಕ್ಕೊಂದು ಭುಜ ಕೊಟ್ಟು ನಿಂತಿವೆ. ಎರಡನೆಯ ಮಹಾಯುದ್ಧದಲ್ಲಿ ಸ್ಟುಟ್‌ಗಾರ್ಟ್ ಬಾಂಬಿಗೆ ನೆಲಸಮವಾದಾಗಲೂ ಈ ಹಳೆಯ ಪೇಟೆ ಬಹುಪಾಲು ಉಳಿದುಕೊಂಡಿತು. ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ಕೆಪ್ಲರ್ ಓದಿದ್ದು ಇಲ್ಲೇ. ಬೆಟ್ಟದ ಮೇಲಿನ ಕೋಟೆಯ ಹಳೆಯ ಅಡುಗೆಮನೆಯನ್ನು ಪ್ರಯೋಗಾಲಯ ಮಾಡಿಕೊಂಡಿದ್ದರು. ನಾವು ಇಂದು ಡಿಎನ್‌ಎ ಎನ್ನುವ ವಸ್ತುವನ್ನು 1869ರಲ್ಲಿ ಫ್ರೀಡ್ರಿಕ್ ಮೀಷರ್ ಮೊದಲು ಬೇರ್ಪಡಿಸಿದ್ದು ಅಲ್ಲಿ. ಇಷ್ಟೆಲ್ಲ ಗಾಂಭೀರ್ಯದ ಊರಿನಲ್ಲಿ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳು ಉದ್ದನೆಯ ಗಳದಿಂದ ದೋಣಿ ನೂಕುವ ಪಂದ್ಯ ನಡೆಸುತ್ತಾರೆ. ಸೋತ ತಂಡದವರು ಎಲ್ಲರೆದುರು ಮೀನೆಣ್ಣೆ ಕುಡಿಯಬೇಕು.

ನದಿಗೆ ತಾಗಿಕೊಂಡೇ ಒಂದು ಹಳದಿ ಗೋಪುರವಿದೆ. ಬುದ್ಧಿ ಕದಡಿದ ಕವಿ ಹೋಲ್ಡರ್ಲಿನ್‌ನನ್ನು ಒಬ್ಬ ಬಡಗಿ 1807ರಲ್ಲಿ ಈ ಮನೆಗೆ ಕರೆತಂದು ಇರಿಸಿಕೊಂಡ. ಕವಿ ಸಾಯುವವರೆಗೆ, 36 ವರ್ಷ, ಆ ಮನೆಯವರೇ ನೋಡಿಕೊಂಡರು. ಅಲ್ಲಿಂದ ಕೆಲವೇ ನಿಮಿಷ ನಡೆದರೆ, ಅವನು ಹೆಗೆಲ್ ಮತ್ತು ಶೆಲ್ಲಿಂಗ್ ಜೊತೆ ಓದಿದ ಸ್ಟಿಫ್ಟ್ ಎಂಬ ಧರ್ಮಶಾಸ್ತ್ರದ ವಿದ್ಯಾರ್ಥಿನಿಲಯ. ಹೋಲ್ಡರ್ಲಿನ್ ಗೋಪುರದಲ್ಲಿದ್ದ ಕಾಲದಲ್ಲೇ ಹರ್ಮನ್ ಮೋಗ್ಲಿಂಗ್ ಎಂಬ ತರುಣ ಟ್ಯೂಬಿಂಗನ್ನಿನಲ್ಲಿ ಧರ್ಮಶಾಸ್ತ್ರ ಓದಿ, 1836ರಲ್ಲಿ ಮಂಗಳೂರಿಗೆ ಹಡಗು ಹತ್ತಿದ. 1843ರ ಜೂನ್ 7ರಂದು ಹೋಲ್ಡರ್ಲಿನ್ ತೀರಿಕೊಂಡ. ಜುಲೈ 1ರಂದು ಮೋಗ್ಲಿಂಗರ 'ಮಂಗಳೂರ ಸಮಾಚಾರ' ಹೊರಬಂತು, ಕನ್ನಡದ ಮೊದಲ ಪತ್ರಿಕೆ. ಇವೆರಡಕ್ಕೂ ಸಂಬಂಧವೇನಿಲ್ಲ. ಆದರೆ ಗೋಪುರದ ಕೆಳಗೆ ನಿಂತಾಗಲೆಲ್ಲ ನನಗೆ ಈ ಎರಡು ತಾರೀಖುಗಳು ಒಟ್ಟಿಗೇ ನೆನಪಾಗುತ್ತವೆ.

ನೆಂಟರ ಮುಖ ಅರಳುವುದು ಕಿಟೆಲ್ ಹೆಸರು ಬಂದಾಗ. ಬೆಂಗಳೂರಿನ ಮೇಯೋ ಹಾಲ್ ಬಳಿ ಅವರ ಪ್ರತಿಮೆಯನ್ನು ಬಸ್ಸಿನಿಂದಲಾದರೂ ನೋಡಿರುತ್ತಾರೆ. ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು ಇಲ್ಲಿಂದ ಬಹುದೂರ, ಉತ್ತರ ಸಮುದ್ರದ ಅಂಚಿನ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ. 1853ರಲ್ಲಿ ಕನ್ನಡ ನಾಡಿಗೆ ಬಂದು ಕೇಶಿರಾಜನ ಶಬ್ದಮಣಿದರ್ಪಣವನ್ನು, ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದರು. ಸುಮಾರು 70 ಸಾವಿರ ಪದಗಳ ನಿಘಂಟು ಕಟ್ಟಿದರು. ಅದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗುವ ಹೊತ್ತಿಗೆ ಅವರು ಟ್ಯೂಬಿಂಗನ್ನಿನಲ್ಲಿದ್ದರು. ವಿಶ್ವವಿದ್ಯಾಲಯ ಮೋಗ್ಲಿಂಗರಿಗೆ ಕೊಟ್ಟಂತೆ ಇವರಿಗೂ ಗೌರವ ಡಾಕ್ಟರೇಟ್ ಕೊಟ್ಟಿತು. ಕಿಟೆಲ್ ಅಲ್ಲಿಗೂ ನಿಲ್ಲಿಸಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣ ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲೇ ತೀರಿಕೊಂಡರು.

ನನ್ನನ್ನು ಕಾಡುವುದು ಆ ಕೊನೆಯ ವರ್ಷಗಳು. ಬ್ರೆಡ್ಡಿನ ಅಂಗಡಿಯಲ್ಲಿ, ಮಾರುಕಟ್ಟೆಯ ಚೌಕದಲ್ಲಿ, ಎಲ್ಲೆಲ್ಲೂ ಶ್ವೇಬಿಯನ್ ಜರ್ಮನ್ ಮೊಳಗುವ ಊರಿನಲ್ಲಿ ಕೂತು ಒಬ್ಬ ಮುದುಕ ಕನ್ನಡದ ವಿಭಕ್ತಿಗಳನ್ನು ಸಾಲಾಗಿ ಜೋಡಿಸುತ್ತಿದ್ದ.

ನನ್ನ ಮಗಳಿಗೆ ಈಗ ಒಂಬತ್ತು. ಶ್ವೇಬಿಯನ್ ಜನ ಪ್ರೀತಿ ಬಂದ ಪದಕ್ಕೆಲ್ಲ 'ಲೆ' ಸೇರಿಸುತ್ತಾರೆ. ಅವಳ ಬಾಯಲ್ಲಿ ನಮ್ಮ ಇಡ್ಲಿಯೂ 'ಇಡ್‌ಲೆ' ಆಗಿದೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಜರ್ಮನ್ನಿನಲ್ಲಿ ಉತ್ತರಿಸುತ್ತಾಳೆ. ಅರ್ಥವಾಗುತ್ತದೆ, ಬಾಯಿ ಬರುವುದಿಲ್ಲ. ಕಳೆದ ಸಲ ಟ್ಯೂಬಿಂಗನ್ನಿನಲ್ಲಿ ಕಿಟೆಲ್ ಕಥೆ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅವರ ಜೊತೆ ಆಡಕ್ಕೆ ಯಾರಿದ್ರು?" ಅಷ್ಟು ಮಾತ್ರ ಕನ್ನಡದಲ್ಲಿ.

ಸರಿಯಾದ ಪ್ರಶ್ನೆಯೇ. ಕಿಟೆಲ್ ನಾಲ್ಕು ದಶಕ ಕನ್ನಡದ ಗಾದೆ, ಬೈಗುಳ, ಸಂತೆಯ ಮಾತುಗಳನ್ನು ಹುಡುಕಿ ಒಟ್ಟುಮಾಡಿದ ಮೇಲೆ ಅದನ್ನು ಕೋಣೆಯೊಳಗೆ ಕೂತು ಕಾಪಾಡಬಲ್ಲವರಾದರು. ನನ್ನ ಮಗಳ ಬಳಿ ಆ ಬುತ್ತಿಯೇ ಇಲ್ಲ. ನಮ್ಮ ಮನೆಯ ಕಪಾಟಿನಲ್ಲಿ ನಿಘಂಟಿದೆ, ಕಥೆಪುಸ್ತಕಗಳಿವೆ. ಜಗಳವಾಡಲು ಕನ್ನಡದ ಮಕ್ಕಳಿಲ್ಲ. ಜಗಳವಿಲ್ಲದೆ ಮಗುವಿಗೆ ಯಾವ ಭಾಷೆ ಬಂದೀತು?

ಈ ಬೇಸಿಗೆ ರಜೆಯ ಆರೂ ವಾರ ಅವಳನ್ನು ತಿಪಟೂರಿನಲ್ಲಿ ನಮ್ಮಮ್ಮನ ಹತ್ತಿರ ಬಿಡುವುದೆಂದು ನಿರ್ಧರಿಸಿದ್ದೇವೆ. ಬೀದಿಯ ಮಕ್ಕಳು 'ಇಡ್‌ಲೆ' ಕೇಳಿ ನಕ್ಕರೆ ನಗಲಿ. ಅವಳೂ ತಿರುಗಿ ಏನಾದರೂ ಅನ್ನಲೇಬೇಕಾಗುತ್ತದೆ.